ಮಾತಾಡುವ ಡ್ರ್ಯಾಗನ್, ಮಾತಿಲ್ಲದ ಕತ್ತಿ

2011ರ ನವೆಂಬರ್ 11ರಂದು ಬಿಡುಗಡೆಯಾದ ‘ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್’ ಎಂಬ ವಿಡಿಯೊ ಗೇಮ್ ಶುರುವಾಗುವುದೇ ಒಂದು ಮರಣದಂಡನೆಯಿಂದ. ಗಡಿ ದಾಟುವಾಗ ಸಿಕ್ಕಿಬಿದ್ದವರನ್ನು ಗಾಡಿಯಲ್ಲಿ ತುಂಬಿ ಹೆಲ್ಗೆನ್ ಎಂಬ ಕೋಟೆಯೂರಿಗೆ ತರುತ್ತಾರೆ. ಆಟಗಾರನ ಹೆಸರು ಕೈದಿಗಳ ಪಟ್ಟಿಯಲ್ಲೇ ಇಲ್ಲ; ಆದರೂ ತಲೆ ಹೋಗಲಿ ಎಂದು ಅಲ್ಲಿನ ಅಧಿಕಾರಿಣಿ ಹೇಳಿಬಿಡುತ್ತಾಳೆ. ಕುತ್ತಿಗೆ ಕೊರಡಿನ ಮೇಲಿದೆ, ಕೊಡಲಿ ಮೇಲೆದ್ದಿದೆ, ಅಷ್ಟರಲ್ಲಿ ಕರಿಯ ಡ್ರ್ಯಾಗನ್ ಒಂದು ಬುರುಜಿನ ಮೇಲೆ ಬಂದಿಳಿದು ಊರಿಗೆ ಊರನ್ನೇ ಸುಡತೊಡಗುತ್ತದೆ. ಆ ಗದ್ದಲದಲ್ಲಿ ನಮ್ಮ ತಲೆ ಉಳಿಯುತ್ತದೆ. ಬಂದವನು ಆಲ್ಡುಯಿನ್, ಲೋಕವನ್ನೇ ನುಂಗುವವನೆಂದು ಹೆಸರಾದವನು. ಕಥೆಯ ಕೊನೆಯಲ್ಲಿ ನಾವು ಯಾರನ್ನು ಕೊಲ್ಲಬೇಕೋ, ಮೊದಲ ಹತ್ತು ನಿಮಿಷದಲ್ಲಿ ನಮ್ಮ ಜೀವ ಉಳಿದದ್ದು ಅವನಿಂದ.

ಅಮೆರಿಕದ ಬೆಥೆಸ್ಡಾ ಸಂಸ್ಥೆ ಮಾಡಿದ ಈ ಆಟದ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ಅದರ ನಿರ್ದೇಶಕ ಟಾಡ್ ಹೊವಾರ್ಡ್ 2023ರಲ್ಲಿ ಹೇಳಿದ್ದರು. ಆಡದವರಿಗೂ ಅದು ‘ಡ್ರ್ಯಾಗನ್ ಕೊಲ್ಲುವ ಆಟ’ ಎಂದು ಗೊತ್ತು. ಆ ವರ್ಣನೆಯಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಮಾತ್ರ. ಈ ಆಟದ ಪುರಾಣ ಡ್ರ್ಯಾಗನ್ನನ್ನು ಮಾತು, ವಿವೇಚನೆ, ಅಭಿಮಾನ, ಪಶ್ಚಾತ್ತಾಪಗಳುಳ್ಳ ವ್ಯಕ್ತಿಯಾಗಿ ಕಟ್ಟಿದೆ. ಅದರ ನಿಯಮಗಳು ಮಾತ್ರ ಅದೇ ಡ್ರ್ಯಾಗನ್ನನ್ನು ಎಲುಬು, ಹುರುಪೆಗಳ ಮೂಟೆಯಾಗಿ ಲೆಕ್ಕ ಹಾಕುತ್ತವೆ. ಇದು ಆಟದ ದೋಷವೆಂದು ನಾನು ಒಪ್ಪುತ್ತೇನೆ. ಆದರೆ ಅದರ ಅತ್ಯಂತ ಗಂಭೀರವಾದ ನೈತಿಕ ಪ್ರಶ್ನೆ ಹುಟ್ಟಿರುವುದೂ ಈ ಬಿರುಕಿನಲ್ಲೇ. ಆ ಪ್ರಶ್ನೆಗೆ ಆಟ ಕೊಡುವ ಎರಡು ಉತ್ತರಗಳಲ್ಲಿ ಒಂದು ತಪ್ಪು ಎಂಬುದು ನನ್ನ ವಾದ.

ಮೊದಲು ಪುರಾಣದ ಮಾತು. ಟಾಮ್ರಿಯೆಲ್ ಎಂಬ ಕಲ್ಪಿತ ಖಂಡದ ಉತ್ತರದ ಹಿಮನಾಡು ಸ್ಕೈರಿಮ್. ಅಲ್ಲಿನ ಡ್ರ್ಯಾಗನ್‌ಗಳು ಕಾಲದೇವತೆಯಾದ ಅಕಾಟೋಶ್‌ನ ಮಕ್ಕಳು. ಅವಕ್ಕೆ ಮುಪ್ಪಿಲ್ಲ, ಸಹಜವಾದ ಸಾವಿಲ್ಲ. ಹೊಡೆದು ಕೆಡವಿದರೂ ಆತ್ಮ ಉಳಿದಿರುತ್ತದೆ. ಆಲ್ಡುಯಿನ್ ಬಂದು ಹೆಸರು ಹಿಡಿದು ಕರೆದರೆ ಹಳೆಯ ಸಮಾಧಿದಿಬ್ಬ ಒಡೆದು ಎಲುಬಿಗೆ ಮಾಂಸ ಕೂಡಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವು ಉಗುಳುವ ಬೆಂಕಿ ಹೊಟ್ಟೆಯಿಂದ ಬಂದದ್ದಲ್ಲ, ಮಾತಿನಿಂದ ಬಂದದ್ದು. ಡ್ರ್ಯಾಗನ್ ತನ್ನ ಭಾಷೆಯಲ್ಲಿ ಬೆಂಕಿ ಎಂದು ಉಚ್ಚರಿಸಿದರೆ ಬೆಂಕಿ ಹೊರಡುತ್ತದೆ, ಹಿಮ ಎಂದರೆ ಹಿಮ. ಈ ಶಕ್ತಿಗೆ ಥೂಮ್ ಎಂದು ಹೆಸರು. ಒಂದೊಂದು ಘೋಷವೂ ಮೂರು ಪದಗಳದ್ದು. ಆದ್ದರಿಂದ ಎರಡು ಡ್ರ್ಯಾಗನ್‌ಗಳು ಆಕಾಶದಲ್ಲಿ ಕಾದಾಡುತ್ತಿವೆ ಎಂದರೆ ಅವು ವಾದ ಮಾಡುತ್ತಿವೆ ಎಂದೇ ಅರ್ಥ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ಅವರ ಲೋಕದಲ್ಲಿ ಮಾತು ಬಲ್ಲವನಿಗೇ ಜಗಳ.

ಇದು ಬರೀ ಅಲಂಕಾರಕ್ಕೆ ಹೊಳೆದ ಕಲ್ಪನೆಯಲ್ಲ. ಇದರ ಹಿಂದೆ ಶ್ರಮವಿದೆ. ಹಿರಿಯ ವಿನ್ಯಾಸಕಾರ ಎಮಿಲ್ ಪಗ್ಲಿಯಾರುಲೊ ಡ್ರ್ಯಾಗನ್‌ಗಳಿಗಾಗಿಯೇ ಒಂದು ಭಾಷೆ ಕಟ್ಟಿದರು. ಕಲಾವಿದ ಆಡಮ್ ಆಡಮೊವಿಚ್ 34 ಅಕ್ಷರಗಳ ಲಿಪಿ ಬರೆದರು. ಲೇಖನಿ ಹಿಡಿಯಲಾರದ ಪ್ರಾಣಿ ಬರೆಯುವುದು ಹೇಗೆ ಎಂದು ಯೋಚಿಸಿ, ಉಗುರಿನಿಂದ ಕಲ್ಲು ಗೀರಿದಂತೆ ಕಾಣುವ ಅಕ್ಷರಗಳನ್ನೇ ರೂಪಿಸಿದರು. ಜೆರೆಮಿ ಸೋಲ್ ಸಂಯೋಜಿಸಿದ ಶೀರ್ಷಿಕೆ ಗೀತೆಯನ್ನು ಗಂಡುದನಿಗಳ ವೃಂದ ಹಾಡಿರುವುದೂ ಇದೇ ಭಾಷೆಯಲ್ಲಿ. ಒಂದು ಜೀವಿಗೆ ಭಾಷೆ, ಲಿಪಿ, ವ್ಯಾಕರಣ, ಹಾಡು ಇಷ್ಟನ್ನೂ ಕೊಟ್ಟವರು ಅದನ್ನು ಮೃಗವೆಂದು ಭಾವಿಸಿರಲಾರರು.

ಮಾತಾಡುವ ಡ್ರ್ಯಾಗನ್ ಯುರೋಪಿನ ಉತ್ತರದ ಕಥೆಗಳಿಗೆ ಹೊಸದಲ್ಲ. 13ನೇ ಶತಮಾನದಲ್ಲಿ ಐಸ್‌ಲ್ಯಾಂಡ್‌ನಲ್ಲಿ ಬರವಣಿಗೆಗಿಳಿದ ‘ವೊಲ್ಸುಂಗ ಸಾಗಾ’ದಲ್ಲಿ ವೀರ ಸಿಗುರ್ಡ್ ಗುಂಡಿಯೊಳಗೆ ಅಡಗಿ ಕುಳಿತು, ಮೇಲೆ ಹಾಯುವ ಫಾಫ್ನಿರ್‌ನ ಎದೆಗೆ ಕತ್ತಿ ತಿವಿಯುತ್ತಾನೆ. ಸಾಯುತ್ತಿರುವ ಫಾಫ್ನಿರ್ ಕೊಂದವನ ಹೆಸರು ಕೇಳುತ್ತಾನೆ, ಅವನಿಗೆ ಎಚ್ಚರಿಕೆಯನ್ನೂ ಕೊಡುತ್ತಾನೆ. ಆಮೇಲೆ ಸಿಗುರ್ಡ್ ಡ್ರ್ಯಾಗನ್ನಿನ ಹೃದಯ ಸುಡುವಾಗ ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಳ್ಳುತ್ತಾನೆ. ಆ ಕ್ಷಣದಿಂದ ಅವನಿಗೆ ಹಕ್ಕಿಗಳ ಮಾತು ತಿಳಿಯತೊಡಗುತ್ತದೆ. ಡ್ರ್ಯಾಗನ್ನನ್ನು ಕೊಂದವನಿಗೆ ಭಾಷೆ ದಕ್ಕುತ್ತದೆ ಎಂಬ ಕಲ್ಪನೆ ಅಷ್ಟು ಹಳೆಯದು.

ಸ್ಕೈರಿಮ್ ಈ ಕಲ್ಪನೆಯನ್ನು ನಿಯಮವಾಗಿಸಿತು. ನಾವು ಆಡುವ ಪಾತ್ರ ‘ಡ್ರ್ಯಾಗನ್‌ಬಾರ್ನ್’: ಮನುಷ್ಯನ ಮೈ, ಡ್ರ್ಯಾಗನ್ನಿನ ಆತ್ಮ. ಈ ಒಬ್ಬನ ಕೈಯಲ್ಲಿ ಸತ್ತ ಡ್ರ್ಯಾಗನ್ ಮಾತ್ರ ಮತ್ತೆ ಏಳುವುದಿಲ್ಲ, ಏಕೆಂದರೆ ಅದರ ಆತ್ಮವನ್ನು ಇವನು ಹೀರಿಕೊಂಡಿರುತ್ತಾನೆ. ಹಳೆಯ ಗೋಡೆಗಳ ಮೇಲೆ ಕೆತ್ತಿದ ಪದವನ್ನು ಕಂಡರಷ್ಟೇ ಸಾಲದು. ಅದನ್ನು ಬಳಸಲು ಹೀಗೆ ಹೀರಿದ ಒಂದು ಆತ್ಮವನ್ನು ವ್ಯಯಿಸಬೇಕು. ಒಂದು ಪದಕ್ಕೆ ಒಂದು ಜೀವ. ವೈಟ್‌ರನ್ ನಗರದ ಪಶ್ಚಿಮದ ಕಾವಲುಗೋಪುರದ ಬಳಿ ನಾವು ಕೊಲ್ಲುವ ಮೊದಲ ಡ್ರ್ಯಾಗನ್ ಮಿರ್ಮುಲ್ನಿರ್. ಕೊನೆಯುಸಿರಿನಲ್ಲಿ ಅವನಿಗೆ ತಾನು ಯಾರ ಕೈಗೆ ಸಿಕ್ಕಿದ್ದೇನೆಂದು ತಿಳಿಯುತ್ತದೆ, ಬೇಡವೆಂದು ಕೂಗುತ್ತಾನೆ. ಎಷ್ಟು ಸಲ ಸತ್ತರೂ ಎದ್ದು ಬರಬಲ್ಲವನಿಗೆ ಮೊದಲ ಬಾರಿ ನಿಜವಾದ ಸಾವಿನ ಭಯ. ಆ ಕೂಗನ್ನು ಕೇಳಿಸಿಕೊಳ್ಳಲು ಆಟ ನಮಗೆ ಪುರಸೊತ್ತು ಕೊಡುವುದಿಲ್ಲ. ಸುತ್ತಲಿನ ಸೈನಿಕರು ಬೆರಗಾಗಿ ನಿಂತಿರುತ್ತಾರೆ, ಪರದೆಯ ಮೇಲೆ ಆತ್ಮ ಸಂಪಾದನೆಯಾಯಿತೆಂಬ ಸೂಚನೆ ಮೂಡುತ್ತದೆ.

ಆಮೇಲೆ ಲೆಕ್ಕಾಚಾರ. ಒಂದು ಎಲುಬಿಗೆ ಮೂಲಬೆಲೆ 500 ಸೆಪ್ಟಿಮ್ ನಾಣ್ಯ, ತೂಕ 15. ಹುರುಪೆಗೆ 250, ತೂಕ 10. ಕಮ್ಮಾರಿಕೆಯಲ್ಲಿ 100ನೇ ಹಂತ ಮುಟ್ಟಿದವರು ಇವುಗಳಿಂದ ಕವಚ ಮಾಡಿಕೊಳ್ಳಬಹುದು. ಈ ಆಟದ ಅನುಭವಿಗಳಿಗೆ ಡ್ರ್ಯಾಗನ್ ಎದುರಾದಾಗ ಆಗುವ ತಾಪತ್ರಯ ಜೀವಭಯದ್ದಲ್ಲ. ಇಷ್ಟು ಭಾರವನ್ನು ಹೊರುವುದು ಹೇಗೆ ಎಂಬುದು. ಕಥೆ ಮುಗಿದು ಆಲ್ಡುಯಿನ್ ಸೋತ ಮೇಲೂ ಡ್ರ್ಯಾಗನ್‌ಗಳು ಬರುತ್ತಲೇ ಇರುತ್ತವೆ, ಏಕೆಂದರೆ ಅವುಗಳನ್ನು ಕಳುಹಿಸುವುದು ಕಥೆಯಲ್ಲ, ಆಕಸ್ಮಿಕ ಭೇಟಿಗಳನ್ನು ನಿರಂತರವಾಗಿ ಹೊಂದಿಸುವ ತಂತ್ರಾಂಶ. ಅವುಗಳಲ್ಲಿ ಹೆಚ್ಚಿನವಕ್ಕೆ ಹೆಸರೂ ಇಲ್ಲ. ಹೆಸರೇ ಘೋಷವಾಗಿರುವ, ಹೆಸರು ಹಿಡಿದು ಕರೆದರೆ ಬಾರದೇ ಇರಲಾರದ ಕುಲವೆಂದು ಪುರಾಣ ಹೇಳಿದ್ದ ಜೀವಿಗೆ ಆಟದ ಲೆಕ್ಕದಲ್ಲಿ ಹೆಸರೇ ಬೇಕಾಗಲಿಲ್ಲ.

ಆಟ ಎಂದ ಮೇಲೆ ಎದುರಾಳಿ ಬೇಡವೇ ಎಂದು ಇಲ್ಲಿ ಯಾರಾದರೂ ಕೇಳಬಹುದು. ಚದುರಂಗದಲ್ಲಿ ಕಾಲಾಳು ಸತ್ತರೆ ಯಾರೂ ಮರುಗುವುದಿಲ್ಲ. ಈ ಆಕ್ಷೇಪಣೆ ಹಗುರವಾದದ್ದಲ್ಲ. ಅದರ ಜೊತೆಗೆ ಇನ್ನೊಂದನ್ನೂ ಸೇರಿಸಬಹುದು: ಈ ಡ್ರ್ಯಾಗನ್‌ಗಳು ನಮ್ಮ ಮೇಲೆ ಬೀಳುವುದೇ ಮೊದಲು, ಹಳ್ಳಿಗಳನ್ನು ಸುಡುತ್ತವೆ, ದಾರಿಹೋಕರನ್ನು ಕೊಲ್ಲುತ್ತವೆ. ಆತ್ಮರಕ್ಷಣೆಗೆ ಹೊಡೆದವನನ್ನು ಯಾವ ನ್ಯಾಯಾಲಯವೂ ಕೊಲೆಗಾರ ಎನ್ನುವುದಿಲ್ಲ. ಇದನ್ನೆಲ್ಲ ಒಪ್ಪೋಣ. ಆದರೆ ಚದುರಂಗ ತನ್ನ ಕಾಲಾಳಿಗೆ ಊರು, ಭಾಷೆ, ಅಣ್ಣತಮ್ಮಂದಿರನ್ನು ಕೊಟ್ಟಿಲ್ಲ. ಕೊಟ್ಟಿದ್ದರೆ ಅದನ್ನು ಎತ್ತಿಡುವ ಕೈ ಒಮ್ಮೆಯಾದರೂ ತಡೆಯಬೇಕಿತ್ತು. ಎದುರಾಳಿ ಬೇಕು ಎಂಬುದು ಆಟದ ಅಗತ್ಯ; ಎದುರಾಳಿ ವ್ಯಕ್ತಿಯೂ ಆಗಿರಬೇಕು ಎಂಬುದು ಈ ಆಟ ತಾನಾಗಿಯೇ ಹೊತ್ತುಕೊಂಡ ಹೊರೆ. ಹೊತ್ತ ಮೇಲೆ ಅದರ ಲೆಕ್ಕ ಕೇಳುವುದು ಅನ್ಯಾಯವಲ್ಲ.

ಆಟದಲ್ಲಿ ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. ವೈಟ್‌ರನ್‌ನ ಅರಮನೆಯಲ್ಲಿ ಓಡಾವಿಂಗ್ ಎಂಬ ಕೆಂಪು ಡ್ರ್ಯಾಗನ್ನನ್ನು ಹೆಸರು ಕೂಗಿ ಕರೆಸಿ ಬಲೆಗೆ ಕೆಡವುತ್ತೇವೆ. ಸಿಕ್ಕಿಬಿದ್ದವನು ರೋಷಗೊಳ್ಳುವುದಿಲ್ಲ, ಉಪಾಯವನ್ನು ಮೆಚ್ಚುತ್ತಾನೆ. ಆಲ್ಡುಯಿನ್ ನಿಮ್ಮೆದುರು ಸೋತು ಓಡಿದ್ದರಿಂದ ಅವನ ಒಡೆತನವನ್ನು ನಮ್ಮಲ್ಲಿ ಕೆಲವರು ಪ್ರಶ್ನಿಸತೊಡಗಿದ್ದಾರೆ ಎಂದು ಒಳಗಿನ ರಾಜಕೀಯ ಬಿಚ್ಚಿಡುತ್ತಾನೆ, ಒಪ್ಪಂದ ಮಾಡಿಕೊಂಡು ಬೆನ್ನ ಮೇಲೆ ಕೂರಿಸಿಕೊಂಡು ಹಾರುತ್ತಾನೆ. 2012ರ ‘ಡಾನ್‌ಗಾರ್ಡ್’ ವಿಸ್ತರಣೆಯಲ್ಲಿ ಬರುವ ಡರ್ನೆವೀರ್ ಇನ್ನೂ ಕರುಣಾಜನಕ. ಒಬ್ಬಳನ್ನು ಅವಳು ಸಾಯುವ ತನಕ ಕಾಯುವೆನೆಂದು ಮಾತು ಕೊಟ್ಟವನು ಅವಳು ಸಾವಿಲ್ಲದ ರಕ್ತಪಿಶಾಚಿಯೆಂದು ತಿಳಿಯದೆ ಮೃತರ ಲೋಕದಲ್ಲಿ ಸೆರೆಯಾಗಿದ್ದಾನೆ. ಅವನು ನಮ್ಮಲ್ಲಿ ಬೇಡುವುದು ಒಂದೇ: ಆಗಾಗ ಹೆಸರು ಹಿಡಿದು ಕರೆ, ಸ್ವಲ್ಪ ಹೊತ್ತಾದರೂ ನನ್ನ ಹಳೆಯ ಆಕಾಶದಲ್ಲಿ ಹಾರುವೆ. ಇಂಥವರ ಜೊತೆ ಮಾತು ಸಾಧ್ಯವೆಂದು ಆಟಕ್ಕೆ ಗೊತ್ತು. ಗೊತ್ತಿದ್ದೂ ಅದನ್ನು ಅಪವಾದವಾಗಿ ಇಟ್ಟಿತು, ಕೊಲೆಯನ್ನು ನಿಯಮವಾಗಿಸಿತು.

ಇನ್ನು ಪಾರ್ಥುರ್‌ನ್ಯಾಕ್ಸ್‌ನ ವಿಚಾರ. ಆಟದ ಎಲ್ಲ ಎಳೆಗಳೂ ಕೂಡುವುದು ಅವನಲ್ಲಿ. ಸ್ಕೈರಿಮ್‌ನ ಅತಿ ಎತ್ತರದ ಶಿಖರದ ನೆತ್ತಿಯಲ್ಲಿ, ಏಳು ಸಾವಿರ ಮೆಟ್ಟಿಲು ಹತ್ತಿ ಸಿಗುವ ಹೈ ಹ್ರೊಥ್‌ಗಾರ್ ಆಶ್ರಮಕ್ಕೂ ಮೇಲೆ, ರೆಕ್ಕೆ ಹರಿದ ಒಬ್ಬ ಮುದಿ ಡ್ರ್ಯಾಗನ್ ಕುಳಿತಿದ್ದಾನೆ. ಆಶ್ರಮದ ‘ಗ್ರೇಬಿಯರ್ಡ್ಸ್’ ಎಂಬ ಮೌನವ್ರತಿ ಸನ್ಯಾಸಿಗಳಿಗೆ ಅವನೇ ಗುರು. ಅವನಿಗೆ ಕಂಠ ಕೊಟ್ಟವರು ಚಾರ್ಲ್ಸ್ ಮಾರ್ಟಿನೆಟ್; ದಶಕಗಳ ಕಾಲ ಮಾರಿಯೋನ ಚಿಗರೆಯಂಥ ಉತ್ಸಾಹಕ್ಕೆ ದನಿಯಾಗಿದ್ದವರು ಇಲ್ಲಿ ತೂಗಿ ತೂಗಿ ಮಾತಾಡುವ ಮುನಿಯಾಗಿದ್ದಾರೆ. ನಾವು ಎದುರು ನಿಂತಾಗ ಪಾರ್ಥುರ್‌ನ್ಯಾಕ್ಸ್ ಕುಲದ ಶಿಷ್ಟಾಚಾರದಂತೆ, ಹಿರಿಯನಾದ್ದರಿಂದ, ಮೊದಲು ತಾನು ‘ಮಾತಾಡುತ್ತಾನೆ’: ಬೆಂಕಿ ಎಂಬ ಪದದ ಅರಿವನ್ನು ನಮಗೆ ದಾನ ಮಾಡುತ್ತಾನೆ. ಆಮೇಲೆ ನಾವು ಅವನ ಮೇಲೆ ಬೆಂಕಿಯುಗುಳಬೇಕು, ಅದೇ ನಮಸ್ಕಾರ. ಅವನು ಅದನ್ನು ಕಣ್ಣುಮುಚ್ಚಿ ಸವಿಯುತ್ತಾನೆ, ತನ್ನವರೊಬ್ಬರ ಜೊತೆ ಮಾತಾಡಿ ಎಷ್ಟೋ ಕಾಲವಾಗಿತ್ತು ಎಂಬಂತೆ.

ಈ ದೃಶ್ಯದಲ್ಲಿ ಸುಲಭವಾಗಿ ಕಣ್ತಪ್ಪುವ ಸಂಗತಿಯೊಂದಿದೆ. ಇಲ್ಲಿ ಪದ ಕಲಿಯಲು ನಾವು ಯಾವ ಆತ್ಮವನ್ನೂ ತೆರಬೇಕಾಗಿಲ್ಲ. ಮುಂದೆ ಇದೇ ಪಾರ್ಥುರ್‌ನ್ಯಾಕ್ಸ್ ಮೂರು ಪದಗಳಲ್ಲಿ ಒಂದನ್ನು ಆರಿಸಿಕೊಂಡು ಧ್ಯಾನಿಸುವುದನ್ನೂ ಹೇಳಿಕೊಡುತ್ತಾನೆ, ಅದಕ್ಕೂ ಬೆಲೆಯಿಲ್ಲ. ಅಂದರೆ ಈ ಲೋಕದಲ್ಲಿ ಭಾಷೆ ದಕ್ಕುವ ದಾರಿಗಳು ಎರಡು: ಮಾತಾಡುವವನನ್ನು ಕೊಂದು ಕಿತ್ತುಕೊಳ್ಳುವುದು, ಇಲ್ಲವೇ ಅವನ ಮುಂದೆ ಕೂತು ಕೇಳಿಸಿಕೊಳ್ಳುವುದು. ಸಿಗುರ್ಡ್‌ನ ಕಾಲದಿಂದ ಬಂದ ಕಥೆಗೆ ಮೊದಲನೆಯದು ಗೊತ್ತಿತ್ತು. ಎರಡನೆಯದು ಸ್ಕೈರಿಮ್ ಸೇರಿಸಿದ್ದು. ಈ ಪುರಾಣದ ನಿಜವಾದ ಹೊಸತನ ಇದೇ ಎಂದು ನನಗೆ ತೋರುತ್ತದೆ.

ಆದರೆ ಪಾರ್ಥುರ್‌ನ್ಯಾಕ್ಸ್ ಸಾಧುವಾಗಿ ಹುಟ್ಟಿದವನಲ್ಲ. ಬಹು ಹಿಂದೆ ಡ್ರ್ಯಾಗನ್‌ಗಳು ದೇವರಾಗಿ, ಪೂಜಾರಿಗಳನ್ನು ಮುಂದಿಟ್ಟುಕೊಂಡು ಮನುಷ್ಯರನ್ನು ಗುಲಾಮರಂತೆ ಆಳಿದಾಗ ಆಲ್ಡುಯಿನ್‌ನ ಬಲಗೈಯಾಗಿದ್ದವನು, ಅವನ ತಮ್ಮ. ಆಮೇಲೆ ಕೈನೆ ಎಂಬ ದೇವತೆಯ ಪ್ರೇರಣೆಯಿಂದ ಪಕ್ಷ ಬದಲಿಸಿ ಮನುಷ್ಯರಿಗೆ ಥೂಮ್ ಕಲಿಸಿದ. ಆ ಕಲಿಕೆಯ ಬಲದಿಂದಲೇ ಮನುಷ್ಯರು ಡ್ರ್ಯಾಗನ್‌ರೆಂಡ್ ಎಂಬ ಘೋಷವನ್ನು ತಾವೇ ಕಟ್ಟಿದರು. ಅದು ಬೆಂಕಿಯಲ್ಲ, ಹಿಮವಲ್ಲ; ಎಲ್ಲಕ್ಕೂ ಕೊನೆಯಿದೆ ಎಂಬ ಅರಿವನ್ನು ಸಾವಿಲ್ಲದವನ ತಲೆಗೆ ತುರುಕುವ ಮಾತು. ಅದು ಕಿವಿಗೆ ಬಿದ್ದೊಡನೆ ಡ್ರ್ಯಾಗನ್ನಿನ ರೆಕ್ಕೆ ಸೋತು ನೆಲಕ್ಕೆ ಬೀಳುತ್ತದೆ. ಪಾರ್ಥುರ್‌ನ್ಯಾಕ್ಸ್ ಕೂಡ ಆ ಮಾತನ್ನು ಕಲಿಯಲಾರ. ನಶ್ವರತೆ ಅವನ ಯೋಚನೆಗೆ ನಿಲುಕದ್ದು. ಯಾವ ದೌರ್ಬಲ್ಯಕ್ಕಾಗಿ ಮನುಷ್ಯರನ್ನು ಡ್ರ್ಯಾಗನ್‌ಗಳು ಹೀಯಾಳಿಸುತ್ತಿದ್ದವೋ ಅದೇ ಮನುಷ್ಯರ ಆಯುಧವಾಯಿತು. ಅಷ್ಟಾದರೂ ಆ ಯುದ್ಧದಲ್ಲಿ ಆಲ್ಡುಯಿನ್ ಸಾಯಲಿಲ್ಲ. ಮೂವರು ವೀರರು ಎಲ್ಡರ್ ಸ್ಕ್ರೋಲ್ ಎಂಬ ಮಾಂತ್ರಿಕ ಸುರುಳಿಯೊಂದನ್ನು ಬಳಸಿ ಅವನನ್ನು ಕಾಲದ ಮುಂದಕ್ಕೆ ತಳ್ಳಿದರು. ಹಾಗೆ ತಳ್ಳಲ್ಪಟ್ಟವನೇ ಹೆಲ್ಗೆನ್‌ನ ಬುರುಜಿನ ಮೇಲೆ ಇಳಿದದ್ದು.

ಈಗ ‘ಬ್ಲೇಡ್ಸ್’ ಎಂಬ ಹಳೆಯ ಪಂಗಡದ ಇಬ್ಬರು ಬಂದು ನಿಲ್ಲುತ್ತಾರೆ: ಹೋಟೆಲು ನಡೆಸುವವಳಂತೆ ತಲೆಮರೆಸಿಕೊಂಡಿದ್ದ ಡೆಲ್ಫೀನ್, ಪಂಡಿತ ಎಸ್ಬರ್ನ್. ಇವರ ಪೂರ್ವಿಕರ ಕಸುಬೇ ಡ್ರ್ಯಾಗನ್ ಬೇಟೆ. ಪಾರ್ಥುರ್‌ನ್ಯಾಕ್ಸ್‌ನನ್ನು ಕೊಲ್ಲು, ಅಲ್ಲಿಯ ತನಕ ನಮ್ಮ ಸಹಾಯವಿಲ್ಲ ಎಂದು ಅವರು ಪಟ್ಟು ಹಿಡಿಯುತ್ತಾರೆ. ಅತ್ತ ಗ್ರೇಬಿಯರ್ಡ್ಸ್, ನಮ್ಮ ಗುರುವನ್ನು ಕೊಂದರೆ ನಿನ್ನ ಮುಖ ನೋಡುವುದಿಲ್ಲ ಎನ್ನುತ್ತಾರೆ.

ಬ್ಲೇಡ್ಸ್‌ನ ವಾದವನ್ನು ಹೆಚ್ಚಿನ ಆಟಗಾರರು ಸಿಟ್ಟಿನಿಂದ ತಳ್ಳಿಹಾಕುತ್ತಾರೆ. ಹಾಗೆ ತಳ್ಳುವುದು ಸರಿಯಲ್ಲ, ಅದರಲ್ಲಿ ತೂಕವಿದೆ. ಅಪರಾಧ ಸಾವಿರಾರು ವರ್ಷ ಹಳೆಯದು ಎಂಬ ಸಮಾಧಾನ ಸಾಯುವವರಿಗೆ ಸರಿ. ಅಪರಾಧಿಯೂ ಸಾಕ್ಷಿಯೂ ಮಣ್ಣಾದ ಮೇಲೆ ಮೊಕದ್ದಮೆಗೆ ಅರ್ಥವಿಲ್ಲ. ಆದರೆ ಇಲ್ಲಿ ಅಪರಾಧಿ ಜೀವಂತವಾಗಿ, ಅದೇ ನೆನಪು, ಅದೇ ಹೆಸರಿನೊಂದಿಗೆ ಬೆಟ್ಟದ ಮೇಲೆ ಕುಳಿತಿದ್ದಾನೆ. ಅಮರನಿಗೆ ಅವಧಿ ಮೀರಿತೆಂಬ ವಿನಾಯಿತಿ ಕೊಟ್ಟರೆ ಅವನು ಸುಮ್ಮನೆ ಕಾಯುತ್ತ ಕೂತು ಎಲ್ಲ ಶಿಕ್ಷೆಯಿಂದಲೂ ಪಾರಾಗಬಹುದು. ಇನ್ನೊಂದು, ಒಮ್ಮೆ ಪಕ್ಷ ಬದಲಿಸಿದವನು ಮತ್ತೆ ಬದಲಿಸಲಾರನೆಂದು ಯಾರು ಹೇಳಬೇಕು? ಸ್ವತಃ ಪಾರ್ಥುರ್‌ನ್ಯಾಕ್ಸ್‌ನೇ ಅದನ್ನು ಹೇಳುವುದಿಲ್ಲ. ಆಳುವ ಆಸೆ ತನ್ನ ರಕ್ತದಲ್ಲೇ ಇದೆ, ಅದು ಕಾಡದ ದಿನವಿಲ್ಲ, ನನ್ನನ್ನು ನಂಬದಿರುವುದೇ ಜಾಣತನ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಒಳ್ಳೆಯವನಾಗಿಯೇ ಹುಟ್ಟುವುದು ಮೇಲೋ, ಕೆಟ್ಟ ಹುಟ್ಟುಗುಣವನ್ನು ಹೆಣಗಾಡಿ ಗೆಲ್ಲುವುದು ಮೇಲೋ ಎಂದು ನಮ್ಮನ್ನೇ ಕೇಳುತ್ತಾನೆ.

ಆದರೂ ಡೆಲ್ಫೀನ್‌ಳ ವಾದ ಎರಡು ಕಡೆ ಮುರಿಯುತ್ತದೆ. ಒಂದು, ಅವಳು ಭಯಪಡುವುದು ಪಾರ್ಥುರ್‌ನ್ಯಾಕ್ಸ್ ಮಾಡಿದ್ದಕ್ಕಿಂತ ಅವನು ಇರುವ ಬಗೆಗೆ. ಹುಟ್ಟುಗುಣವೇ ಅಪರಾಧವಾದರೆ ಅದೇ ಅಪರಾಧ ಅವಳ ಎದುರಿಗೇ ನಿಂತಿದೆ. ಡ್ರ್ಯಾಗನ್‌ಬಾರ್ನ್‌ನ ಆತ್ಮವೂ ಡ್ರ್ಯಾಗನ್ನಿನದ್ದೇ. ಪರದೆಯ ಮೇಲಿನ ಕೆಲವೇ ತಿಂಗಳಲ್ಲಿ ಅವನು ಮಾಡಿದ ಕೊಲೆಗಳನ್ನು ಎಣಿಸಿದರೆ ಬೆಟ್ಟದ ಮುದುಕ ಇವನೆದುರು ಅಹಿಂಸಾವ್ರತಿಯಂತೆ ಕಾಣುತ್ತಾನೆ. ಬ್ಲೇಡ್ಸ್ ಮಾತ್ರ ಇವನ ಸೇವೆಗೆ ನಿಲ್ಲುತ್ತಾರೆ, ಅವನ ತಲೆ ಕೇಳುತ್ತಾರೆ. 2012ರಲ್ಲೇ ಬಂದ ‘ಡ್ರ್ಯಾಗನ್‌ಬಾರ್ನ್’ ವಿಸ್ತರಣೆ ಈ ಅಸಂಗತಿಯನ್ನು ಇನ್ನಷ್ಟು ಬಯಲು ಮಾಡುತ್ತದೆ. ಅಲ್ಲಿನ ಎದುರಾಳಿ ಮಿರಾಕ್ ಮೊದಲ ಡ್ರ್ಯಾಗನ್‌ಬಾರ್ನ್. ಮನುಷ್ಯನಾಗಿಯೇ ಹುಟ್ಟಿ, ಇತರರ ಮನಸ್ಸನ್ನು ಬಾಗಿಸುವ ಘೋಷ ಕಲಿತು, ಜನರನ್ನೂ ಡ್ರ್ಯಾಗನ್‌ಗಳನ್ನೂ ಗುಲಾಮರಾಗಿಸಿದವನು. ಅದೇ ಘೋಷವನ್ನು ನಾವೂ ಕಲಿಯುತ್ತೇವೆ, ಅದೇ ಡ್ರ್ಯಾಗನ್‌ಗಳ ಬೆನ್ನೇರುತ್ತೇವೆ. ಡ್ರ್ಯಾಗನ್ನಿನ ಆತ್ಮವೂ ಇಲ್ಲದ ಉಲ್ಫ್ರಿಕ್ ಸ್ಟಾರ್ಮ್‌ಕ್ಲೋಕ್ ಎಂಬ ಬಂಡಾಯದ ನಾಯಕ ಗ್ರೇಬಿಯರ್ಡ್ಸ್ ಬಳಿ ಕಲಿತ ದನಿಯನ್ನು ದೊರೆ ಟೊರಿಗ್‌ನ ಮೇಲೆ ಪ್ರಯೋಗಿಸಿ ಅವನನ್ನು ಕೊಂದು ನಾಡನ್ನು ಅಂತರ್ಯುದ್ಧಕ್ಕೆ ದೂಡಿದ. ಆಳುವ ಆಸೆಗೆ ರೆಕ್ಕೆ ಬೇಕಾಗಿಲ್ಲ.

ಎರಡು, ಅಮರನ ಅಪರಾಧ ಹಳೆಯದಾಗುವುದಿಲ್ಲ ಎಂಬ ತರ್ಕ ಎರಡು ಅಲಗಿನದು. ಹಳೆಯದಾಗದಿದ್ದರೆ ಅವನ ಪಶ್ಚಾತ್ತಾಪವೂ ಹಳೆಯದಾಗುವುದಿಲ್ಲ. ಮನುಷ್ಯನೊಬ್ಬ ಮುಪ್ಪಿನಲ್ಲಿ ಸಾಧುವಾದರೆ ಶಕ್ತಿ ಕುಂದಿದ್ದರಿಂದ ಹಾಗಾದ ಎಂದು ಅನುಮಾನಿಸಬಹುದು. ಪಾರ್ಥುರ್‌ನ್ಯಾಕ್ಸ್‌ಗೆ ಶಕ್ತಿ ಕುಂದಿಲ್ಲ. ಆಸೆಯೂ ಕುಂದಿಲ್ಲವೆಂದು ಅವನೇ ಹೇಳಿದ್ದಾನೆ. ಎರಡೂ ಇದ್ದು, ಸಾವಿರಾರು ವರ್ಷ, ಪ್ರತಿದಿನ, ಮಾಡಬಹುದಾದದ್ದನ್ನು ಮಾಡದೆ ಉಳಿದಿದ್ದಾನೆ. ಅವನ ಪ್ರಶ್ನೆಗೆ ನನ್ನ ಉತ್ತರ ಇದು: ಹುಟ್ಟಿನಿಂದ ಒಳ್ಳೆಯವನು ಹೆಚ್ಚು ಸುರಕ್ಷಿತ ನೆರೆಯವನಾಗಿರಬಹುದು, ಆದರೆ ಗೌರವ ಸಲ್ಲಬೇಕಾದದ್ದು ಹೆಣಗಾಡುವವನಿಗೆ. ತನ್ನನ್ನು ನಂಬಬೇಡಿ ಎನ್ನುವವನ ಎಚ್ಚರ, ತನ್ನನ್ನು ತಾನು ಪೂರ್ತಿ ನಂಬಿದವರ ಒಳ್ಳೆಯತನಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ.

ಹಾಗೆಂದು ಅವನನ್ನು ಕ್ಷಮಿಸಬೇಕೆಂದು ನಾನು ಹೇಳುತ್ತಿಲ್ಲ. ಕ್ಷಮಿಸುವ ಹಕ್ಕು ಅವನಿಂದ ನೊಂದವರದು. ಅವರು ಯಾರೂ ಉಳಿದಿಲ್ಲ; ಅವರ ಪರವಾಗಿ ಕ್ಷಮಿಸಲು ನಮಗೆ ಅಧಿಕಾರವಿಲ್ಲ, ಕೊಲ್ಲಲೂ ಇಲ್ಲ. ಡೆಲ್ಫೀನ್ ಅದನ್ನು ನ್ಯಾಯವೆಂದು ಕರೆಯುತ್ತಾಳೆ. ಆದರೆ ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಆರೋಪಿಯ ಮಾತಿಗೆ ಅವಕಾಶವಿಲ್ಲ. ಹೆಲ್ಗೆನ್‌ನಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವನ ತಲೆಯನ್ನೂ ಕೊರಡಿಗೆ ಕಳಿಸಿದ ಅಧಿಕಾರಿಣಿಯದೂ ಇದೇ ಬಗೆಯ ನ್ಯಾಯವಾಗಿತ್ತು.

ಇಲ್ಲಿ ಕನ್ನಡದ ಓದುಗನಿಗೆ ವಿಭೀಷಣ ನೆನಪಾಗದೆ ಇರಲಾರ. ಅಣ್ಣನನ್ನು ಬಿಟ್ಟು ಎದುರು ಪಾಳೆಯಕ್ಕೆ ಬಂದ ತಮ್ಮ, ಅವನಿಂದಲೇ ಸಿಗುವ ಗೆಲುವಿನ ಗುಟ್ಟು, ಇವನನ್ನು ನಂಬಬಹುದೇ ಎಂಬ ಅನುಮಾನ ಎಲ್ಲವೂ ಹೊಂದುತ್ತವೆ. ಆದರೆ ವಾಲ್ಮೀಕಿ ರಾಮಾಯಣದಲ್ಲಿ ಆ ಅನುಮಾನಕ್ಕೆ ಒಂದು ಸಭೆ ಇದೆ. ಸುಗ್ರೀವ ಬೇಡವೆನ್ನುತ್ತಾನೆ; ಅಂಗದ, ಜಾಂಬವಂತ ಮೊದಲಾದವರು ತಮ್ಮ ತಮ್ಮ ಸಂಶಯ ಮುಂದಿಡುತ್ತಾರೆ; ಹನುಮಂತ ಮುಖಭಾವ, ಮಾತು, ಬಂದ ಸಮಯಗಳನ್ನು ತೂಗಿ ಸ್ವೀಕರಿಸೋಣವೆನ್ನುತ್ತಾನೆ. ಎಲ್ಲರನ್ನೂ ಕೇಳಿದ ಮೇಲೆ ರಾಮ ಅಭಯ ಕೊಡುತ್ತಾನೆ. ವಿಭೀಷಣ ಮಾಡಿದ್ದು ಧರ್ಮವೋ ದ್ರೋಹವೋ ಎಂದು ನಮ್ಮ ತಾಳಮದ್ದಲೆಯ ಅರ್ಥಧಾರಿಗಳು ಇಂದಿಗೂ ಜಗ್ಗಾಡುತ್ತಾರೆ. ಅಂದರೆ ಈ ಪ್ರಶ್ನೆಯನ್ನು ಮಾತಿನಲ್ಲೇ ಬಗೆಹರಿಸಬೇಕು, ಬಗೆಹರಿಯದಿದ್ದರೆ ಮತ್ತೆ ಮಾತಾಡಬೇಕು ಎಂಬ ಭರವಸೆ ಆ ಪರಂಪರೆಗಿದೆ. ಮಾತನ್ನೇ ಯುದ್ಧವಾಗಿಸಿಕೊಂಡ ಡ್ರ್ಯಾಗನ್‌ಗಳ ಲೋಕಕ್ಕೆ ಇಂಥದೊಂದು ಸಭೆ ಇನ್ನೂ ಹೆಚ್ಚು ಸಹಜವಾಗಿ ಒಪ್ಪುತ್ತಿತ್ತು. ಆಟ ಅದನ್ನು ಕೊಡಲಿಲ್ಲ. ಡೆಲ್ಫೀನ್‌ಳ ಮುಂದೆ ವಾದಿಸಲು ಒಂದು ಸಾಲು ಸಂಭಾಷಣೆಯೂ ಗೆಲ್ಲುವಂಥದ್ದಿಲ್ಲ. ನೀನು ನನ್ನ ಸೇವೆಗೆ ಬಂದವಳು, ಇದು ನನ್ನ ತೀರ್ಮಾನ ಎಂದು ಹೇಳುವಂತೆಯೂ ಇಲ್ಲ.

ಈ ಕೊರತೆ ಆಟಗಾರರನ್ನು ಎಷ್ಟು ಕೊರೆಯಿತೆಂದರೆ, ‘ದಿ ಪಾರ್ಥುರ್‌ನ್ಯಾಕ್ಸ್ ಡಿಲೆಮಾ’ ಎಂಬ ಮಾಡ್ ಅನ್ನು, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಮಾರ್ಪಾಡನ್ನು, ಅಭಿಮಾನಿಯೊಬ್ಬರು ತಯಾರಿಸಿ ಹಂಚಿದರು, ಬ್ಲೇಡ್ಸ್‌ಗೆ ಇಲ್ಲ ಎಂದು ಹೇಳಿ ಮುಂದುವರಿಯುವ ದಾರಿಯನ್ನು ಅದರಲ್ಲಿ ಸೇರಿಸಿದರು. ಅದು ಬಹಳ ಜನಪ್ರಿಯವಾಯಿತು. ಒಂದು ಕಾಲ್ಪನಿಕ ಹಲ್ಲಿಯ ಜೀವಕ್ಕಾಗಿ ಇಷ್ಟು ಕೆಲಸವೇ ಎಂದು ನಗಬಹುದು. ಆದರೆ ಆಡುವವರು ಕೇಳಿದ್ದು ಹೊಸ ಆಯುಧವನ್ನಲ್ಲ, ವಾದ ಮಾಡುವ ಹಕ್ಕನ್ನು.

ಮಾಡ್ ಇಲ್ಲದೆ ಆಡುವವರಿಗೆ ಉಳಿಯುವ ದಾರಿ ಇನ್ನೂ ವಿಚಿತ್ರ. ಕೊಂದರೆ ಏನಾಗುತ್ತದೆಂದು ಆಟ ತಿಳಿಸುತ್ತದೆ: ಮುದುಕನ ಮೈಯಿಂದ ಬೇರೆಲ್ಲರಂತೆಯೇ ಎಲುಬು, ಹುರುಪೆ, ಒಂದು ಆತ್ಮ. ಸಾವಿರಾರು ವರ್ಷಗಳ ಧ್ಯಾನಕ್ಕೆ ಸಿಗುವ ಬೆಲೆ ಗೋಡೆಯ ಮೇಲಿನ ಒಂದು ಪದ. ಕೊಲ್ಲದಿದ್ದರೆ ಕೊಲ್ಲಲಿಲ್ಲವೆಂದು ದಾಖಲಿಸುವ ವ್ಯವಸ್ಥೆಯೇ ಇಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಆ ಆಜ್ಞೆ ಕಾಯಮ್ಮಾಗಿ ಉಳಿದುಬಿಡುತ್ತದೆ. ಆಲ್ಡುಯಿನ್‌ನನ್ನು ಸೋಲಿಸಿ ಹಿಂತಿರುಗಿದರೂ ಉಳಿದಿರುತ್ತದೆ. ಆಗ ಪಾರ್ಥುರ್‌ನ್ಯಾಕ್ಸ್ ಗೆಲುವಿಗೆ ಹಿಗ್ಗದೆ ಒಂದು ಕಾಲಕ್ಕೆ ಕುಲದ ಕಿರೀಟವಾಗಿದ್ದ ಅಣ್ಣನಿಗಾಗಿ ಮರುಗುತ್ತಾನೆ. ಉಳಿದ ಡ್ರ್ಯಾಗನ್‌ಗಳಿಗೆ ತಾನು ಕಲಿತ ಸಂಯಮ ಕಲಿಸುವೆನೆಂದು ಹಾರಿಹೋಗುತ್ತಾನೆ. ಅವನು ಹೋದ ಮೇಲೂ ಪಟ್ಟಿ ಅವನ ತಲೆ ಕೇಳುತ್ತಲೇ ಇರುತ್ತದೆ.

ಪಟ್ಟಿ ಮುಗಿಸುವುದೇ ಇಂಥ ಆಟಗಳ ಚಟ. ಕೊಟ್ಟ ಕೆಲಸ ಮುಗಿದಾಗ ಸಿಗುವ ತೃಪ್ತಿಯ ಮೇಲೆಯೇ ಅವುಗಳ 100 ಗಂಟೆಗಳ ಹಿಡಿತ ನಿಂತಿದೆ. ಅಂಥ ಆಟದಲ್ಲಿ ಒಂದು ಕೆಲಸವನ್ನು ತಿಳಿದೂ ತಿಳಿದೂ ಮುಗಿಸದೆ ಬಿಡುವುದು ಸಣ್ಣ ತೀರ್ಮಾನವಲ್ಲ. ವಿನ್ಯಾಸಕಾರರು ಇದನ್ನು ಬೇಕೆಂದೇ ಹೀಗಿಟ್ಟರೆಂದು ನಾನು ವಾದಿಸುವುದಿಲ್ಲ. ಮರೆತು ಬಿಟ್ಟ ತೇಪೆಯಂತೆಯೇ ಅದು ಕಾಣುತ್ತದೆ. ಆದರೂ ಆ ತೇಪೆಯಲ್ಲಿ ಪಾರ್ಥುರ್‌ನ್ಯಾಕ್ಸ್‌ನ ನೀತಿಯೇ ಆಟಗಾರನ ಕೈಗೆ ಬಂದಿದೆ. ಅವನ ಒಳ್ಳೆಯತನ ಯಾವುದೋ ಒಂದು ಮಹಾಕಾರ್ಯದಲ್ಲಿಲ್ಲ. ಮಾಡಬಲ್ಲದ್ದನ್ನು ಪ್ರತಿದಿನ ಮಾಡದಿರುವುದರಲ್ಲಿದೆ. ಅದಕ್ಕೆ ಬಹುಮಾನವಿಲ್ಲ, ಮುಗಿಯಿತೆಂಬ ಗುರುತೂ ಇಲ್ಲ. ಅವನನ್ನು ಉಳಿಸುವ ಆಟಗಾರನೂ ಪ್ರತಿಸಲ ಪಟ್ಟಿ ತೆರೆದಾಗ ಅದೇ ಸಾಲನ್ನು ಕಂಡು ಅದೇ ತೀರ್ಮಾನವನ್ನು ಮತ್ತೆ ಮಾಡಬೇಕು.

ಆದ್ದರಿಂದ ಆಟವೊಂದರ ಪುರಾಣ ಎಷ್ಟು ಆಳವಾಗಿದೆ ಎಂದು ಅಳೆಯಲು ಅದರೊಳಗಿನ ಪುಸ್ತಕಗಳನ್ನು, ವಂಶಾವಳಿಗಳನ್ನು ಎಣಿಸಿದರೆ ಸಾಲದು. ಅದು ನಮ್ಮ ಕೈಗೆ ಯಾವ ಕ್ರಿಯಾಪದಗಳನ್ನು ಕೊಡುತ್ತದೆ ಎಂದು ನೋಡಬೇಕು. ಹೊಡೆ, ಹೀರು, ಹೊರು, ಮಾರು ಇಷ್ಟೇ ಇದ್ದರೆ 34 ಅಕ್ಷರಗಳ ಲಿಪಿಯೂ ಗೋಡೆಯ ಚಿತ್ತಾರವಾಗಿ ಉಳಿಯುತ್ತದೆ. ಸ್ಕೈರಿಮ್ ಬಹುಪಾಲು ಅಷ್ಟನ್ನೇ ಕೊಟ್ಟಿತು. ಒಂದು ಬೆಟ್ಟದ ತುದಿಯಲ್ಲಿ ಮಾತ್ರ ಕೇಳು, ಕಲಿ ಎಂಬ ಇನ್ನೆರಡನ್ನು ಸೇರಿಸಿತು. ಈ ಸರಣಿಯ ಆರನೆಯ ಆಟ ಘೋಷಣೆಯಾದದ್ದು 2018ರಲ್ಲಿ. ಅದರಲ್ಲಿ ಡ್ರ್ಯಾಗನ್ ಇರಲಿ, ಇನ್ನಾವ ಜೀವಿಯೇ ಇರಲಿ, ಅದಕ್ಕೆ ಮಾತು ಕೊಡುವವರು ಉತ್ತರಿಸುವ ಮಾತನ್ನು ನಮಗೂ ಕೊಡಬೇಕು. ಕೊಡಲಾಗದಿದ್ದರೆ ಆ ಜೀವಿಯನ್ನು ಮೂಕವಾಗಿ ಬಿಡುವುದೇ ಹೆಚ್ಚು ಪ್ರಾಮಾಣಿಕ.